ತಮ್ಮ ತಂದ ಕೂಲರ್

ಎಲ್ಲರ ಮನೆಯಲ್ಲೂ ಬಟ್ಟೆಬರೆ, ಸೈಕಲ್ಲು, ಪುಸ್ತಕ ದೊಡ್ಡವರಿಂದ ಚಿಕ್ಕವರಿಗೆ ಇಳಿಯುತ್ತವೆ. ಅವಳ ಮನೆಯಲ್ಲಿ ಮಾತ್ರ ತಮ್ಮನಿಂದ ಅಕ್ಕನಿಗೆ ಏರುತ್ತಿದ್ದವು. ತಮ್ಮನಿಗೆ ಹೊಸ ಮೇಜು ಬಂದರೆ ಅಲುಗಾಡುವ ಹಳೆಯದು ಅವಳ ಪಾಲಿಗೆ. ಅವನು ಹೊಸ ಫೋನ್ ಕೊಂಡರೆ ಗಾಜು ಬಿರುಕುಬಿಟ್ಟದ್ದು ಅವಳಿಗೆ. ಹಾಗಾಗಿ ಆ ಭಾನುವಾರ ಅವನು ಕಂಕುಳಲ್ಲಿ ಡಬ್ಬವೊಂದನ್ನು ಇರುಕಿಕೊಂಡು ಬಾಗಿಲಲ್ಲಿ ನಿಂತಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಿನ್ನ ಕಂಪ್ಯೂಟರ್ ಕಾದ ಕಾವಲಿ ಆಗಿದೆಯಂತೆ, ಅಮ್ಮ ಹೇಳಿದ್ರು. ತಗೋ ಅಕ್ಕ, ಪ್ರೊಸೆಸರ್ ತಣ್ಣಗಿಡೋ ನನ್ನ ಕೂಲರ್. ನಾನು ನೀರು ಹರಿಯೋ ಥರದ್ದು ಹಾಕ್ಕೊಂಡೆ, ಇದು ಸುಮ್ನೆ ಬಿದ್ದಿತ್ತು."

ಅಮ್ಮನ ಮುಖ ಅರಳಿತು. "ನೋಡಿದ್ಯಾ, ನಿನ್ನ ನೆನಪು ಹೇಗಿಟ್ಕೊಂಡಿದ್ದಾನೆ."

ಇನ್ನೂ ಕಟ್ಟಿರದ ಮನೆಗಳನ್ನು ಕಟ್ಟಿದಂತೆಯೇ ಕಾಣುವ ಹಾಗೆ ಚಿತ್ರ ಮಾಡಿಕೊಡುವುದು ಅವಳ ಕಸುಬು. ಕಿಟಕಿಯಿಂದ ಬಿಸಿಲು ಎಲ್ಲಿ ಬೀಳುತ್ತದೆ, ಮೆಟ್ಟಿಲ ನೆರಳು ಎಷ್ಟು ಚಾಚುತ್ತದೆ ಎಂದು ಕಂಪ್ಯೂಟರು ಗಂಟೆಗಟ್ಟಲೆ ಲೆಕ್ಕ ಹಾಕಬೇಕು. ಇತ್ತೀಚೆಗೆ ಅದು ಅರ್ಧದಲ್ಲೇ ಬಿಸಿಯಾಗಿ ಏದುಸಿರು ಬಿಡುತ್ತಿತ್ತು. ಧೂಳು ತುಂಬಿದೆ, ಪ್ರೊಸೆಸರಿಗೂ ಕೂಲರಿಗೂ ನಡುವೆ ಸವರುವ ಪೇಸ್ಟು ಒಣಗಿದೆ ಎಂದು ಅವಳಿಗೆ ಗೊತ್ತಿತ್ತು. ಹೊಸ ಪೇಸ್ಟು ತರಿಸಿಟ್ಟಿದ್ದಳು. ಕೈಯಲ್ಲಿದ್ದ ಹೊಸ ಆಸ್ಪತ್ರೆ ಕಟ್ಟಡದ ಚಿತ್ರಗಳು ಮುಗಿದ ಮೇಲೆ ನಿಧಾನವಾಗಿ ಕೂತು ಬಿಚ್ಚುವ ಯೋಚನೆ.

ಆದರೂ ತಂದದ್ದನ್ನು ನೋಡದೆ ಬೇಡ ಎನ್ನುವುದು ಸರಿಯಲ್ಲವೆಂದು ಕಂಪ್ಯೂಟರ್ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಳು. ಸ್ಕೇಲು ಹಿಡಿದು ಅಳೆದಳು. ಕೂಲರನ್ನು ಮೇಜಿನ ಮೇಲೆ ನಿಲ್ಲಿಸಿ ಮತ್ತೊಮ್ಮೆ ಅಳೆದಳು.

"ಸ್ಕ್ರೂ ತೂತುಗಳೇನೋ ಹೊಂದುತ್ವೆ. ಆದ್ರೆ ಇದು ನಿನ್ನ ಅಗಲದ ಕ್ಯಾಬಿನೆಟ್ಟಿಗೆ ಸರಿ ಕಣೋ. ನನ್ನದ್ರಲ್ಲಿ ಎಂಟು ಮಿಲಿಮೀಟರ್ ಹೊರಗೆ ಬರುತ್ತೆ, ಮುಚ್ಚಳ ಹಾಕೋಕಾಗಲ್ಲ."

"ಎಂಟು ಮಿಲಿಮೀಟರಿಗೆಲ್ಲ ತಲೆ ಕೆಡಿಸ್ಕೋತಾರಾ? ಮುಚ್ಚಳ ತೆಗೆದಿಡು, ಗಾಳಿಯಾಡುತ್ತೆ."

"ಧೂಳೂ ಆಡುತ್ತೆ. ಬೇಡ, ಬಿಡು. ನಾಳೆ ಚಿತ್ರ ಕಳಿಸ್ಬೇಕು, ಇವತ್ತು ಇದನ್ನ ಮುಟ್ಟೋದೇ ಬೇಡ."

ತಮ್ಮನ ಮುಖ ಚಿಕ್ಕದಾಯಿತು. ಅದನ್ನು ಮೊದಲು ಕಂಡವಳು ಅಮ್ಮ. "ಅಷ್ಟು ದೂರದಿಂದ ಹೊತ್ತು ತಂದಿದ್ದಾನೆ. ಒಂದ್ಸಲ ಹಾಕಿ ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಅಷ್ಟರಲ್ಲಿ ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

"ಎಳೀಬೇಡ," ಎಂದಳು ಅವಳು. "ಪೇಸ್ಟ್ ಅಂಟ್ಕೊಂಡಿದೆ. ಸ್ವಲ್ಪ ಹೊತ್ತು ಆನ್ ಮಾಡಿ ಬೆಚ್ಚಗಾದ್ಮೇಲೆ ಮೆಲ್ಲಗೆ ತಿರುಗಿಸಿ ತೆಗೀಬೇಕು."

"ಇಂಥದ್ದು ಎಷ್ಟು ಬಿಚ್ಚಿದ್ದೀನಿ ನಾನು," ಎನ್ನುತ್ತಲೇ ಅವನು ಹಳೆಯ ಕೂಲರನ್ನು ನೆಟ್ಟಗೆ ಮೇಲಕ್ಕೆ ಕಿತ್ತ. ಚಟ್ ಎಂದು ಸದ್ದಾಯಿತು. ಕೂಲರಿನ ತಳಕ್ಕೆ ಅಂಟಿಕೊಂಡು ಪ್ರೊಸೆಸರೂ ಬುಡಸಮೇತ ಎದ್ದು ಬಂದಿತ್ತು. ಕೆಳಗಿನ ಕೂದಲೆಳೆಯಂಥ ಪಿನ್ನುಗಳು ಒಂದು ಮೂಲೆಯಲ್ಲಿ ತುಳಿದ ಹುಲ್ಲಿನ ಹಾಗೆ ಮಲಗಿದ್ದವು.

ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯ ಮೊನೆಯಿಂದ ಒಂದೊಂದೇ ಪಿನ್ನು ನೆಟ್ಟಗೆ ಮಾಡತೊಡಗಿದಳು. ಸುಮಾರು ಪಿನ್ನುಗಳು ಮಾತು ಕೇಳಿದವು. ಆಮೇಲೆ ಎರಡು ಮುರಿದು ಅವಳ ಮಡಿಲಿಗೆ ಬಿದ್ದವು.

"ಹಳೇದಾಗಿತ್ತು ಬಿಡು," ಎಂದ ತಮ್ಮ. "ಇವತ್ತಲ್ಲ ನಾಳೆ ಹೋಗೋದೇ ಇತ್ತು."

ಅಮ್ಮ ಅವನಿಗೆ ಊಟಕ್ಕೆ ಬಡಿಸಿದಳು. ಹೊರಡುವಾಗ ಅವನು ಕೂಲರನ್ನು ಮತ್ತೆ ಡಬ್ಬಕ್ಕೆ ತುಂಬಿ ಕಂಕುಳಿಗೆ ಸಿಗಿಸಿಕೊಂಡ. "ನಿನಗೆ ಆಗಲ್ಲ ಅಂದ್ಮೇಲೆ ಫ್ರೆಂಡಿಗಾದ್ರೂ ಕೊಡ್ತೀನಿ." ಅವನ ದನಿಯಲ್ಲಿ ಉಪಕಾರ ಮಾಡಲು ಹೋಗಿ ಅವಮಾನ ಉಂಡವನ ನೋವಿತ್ತು.

ಆಸ್ಪತ್ರೆ ಕಟ್ಟಿಸುತ್ತಿದ್ದವರು ಒಂದು ದಿನ ಕಾದರು. ಮರುದಿನ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಅವಳು ಅಂಗಡಿ ಅಂಗಡಿ ಅಲೆದು ಅದೇ ಜಾತಿಯ ಪ್ರೊಸೆಸರನ್ನು ಹುಡುಕಿ ತಂದಳು. ಧೂಳು ಒರೆಸಿ, ಹೊಸ ಪೇಸ್ಟು ಸವರಿ, ತನ್ನ ಹಳೆಯ ಕೂಲರನ್ನೇ ಕೂರಿಸಿದಳು. ಕಂಪ್ಯೂಟರು ತಣ್ಣಗೆ ಓಡಿತು. ಮೊದಲೇ ಇಷ್ಟೇ ಸಾಕಿತ್ತು ಎಂಬಂತೆ ಅದು ಅಷ್ಟು ಸರಾಗವಾಗಿ ಓಡಿದ್ದನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಪಕ್ಕದ ಕೋಣೆಯಲ್ಲಿ ಅಮ್ಮ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಳು. "ಅಕ್ಕನ ಕಂಪ್ಯೂಟರ್ ಕೆಟ್ಟಿತ್ತು ನೋಡು, ಪಾಪ, ರಜದ ದಿನ ಬಂದು ಅರ್ಧ ದಿನ ಕೂತು ಬಿಚ್ಚಿ ನೋಡ್ದ."

ಅಮ್ಮ ಫೋನ್ ಇಡುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ಅಮ್ಮ, ಎಳೀಬೇಡ ಅಂತ ನಾನು ಹೇಳಿದ್ದು ನಿನಗೆ ಕೇಳಿಸ್ಲಿಲ್ವಾ?"

ಅಮ್ಮ ಸೆರಗಿನ ಅಂಚು ಸರಿಮಾಡಿಕೊಂಡಳು. "ಕೇಳಿಸ್ತು."

"ಮತ್ತೆ?"

"ಅವನಿಗೆ ಬೇಜಾರಾಗುತ್ತಲ್ಲ ಅಂತ ಸುಮ್ನಿದ್ದೆ."

"ನನಗೆ ಬೇಜಾರಾದ್ರೆ?"

ಅಮ್ಮ ನಿಜಕ್ಕೂ ಯೋಚಿಸಿದಳು. ಉತ್ತರದಲ್ಲಿ ಕೋಪವಿರಲಿಲ್ಲ, ಮೆಚ್ಚುಗೆಯೇ ಇತ್ತು. "ನೀನು ಹೇಗೋ ನಿಭಾಯಿಸ್ಕೋತೀಯ. ಮೊದಲಿಂದಲೂ ನಿನ್ನ ಚಿಂತೆ ನನಗಿಲ್ಲ."

ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು. ಅಮ್ಮ ಎರಡನೇ ಸಲ ಕರೆಯಲಿಲ್ಲ.