ಸ್ನಾನದ ಟೋಪಿ

ಗಂಟೆಯ ಫಲಕದಲ್ಲಿ ಕೆಂಪು ದೀಪ, ಮತ್ತೆ ಅದೇ ಮೂರನೇ ಮಹಡಿ, ಆದರೆ ಅಕ್ಕನ ಕೋಣೆಯದಲ್ಲ, ಅದರ ಪಕ್ಕದ್ದು, ಕಾರಿಡಾರಿನದು, ಸದ್ಯ ಬದುಕಿದೆ ಅಂದುಕೊಂಡ ಅವನು, ಗಂಟೆ ಕಿವಿ ಹರಿಯುವ ಹಾಗೆ ಬಡಿದುಕೊಳ್ಳುತ್ತಿದ್ದರೂ ಎದೆ ಮಾತ್ರ ತಣ್ಣಗಿದೆ — ಕಾರಿಡಾರ್ ಅಂದರೆ ಧೂಳು, ಬಣ್ಣದವರು ಗೋಡೆ ಕೆರೆಯುತ್ತಿದ್ದಾರೆ, ಸೂರಿನಲ್ಲಿ ಅಂಟಿಕೊಂಡು ಹೊಗೆ ಮೂಸುವ ಆ ಬಿಳಿ ಡಿಟೆಕ್ಟರಿಗೆ ಹೊಗೆ ಯಾವುದು, ಧೂಳು ಯಾವುದು, ಬಚ್ಚಲಿನ ಹಬೆ ಯಾವುದು ಎಂಬ ವಿವೇಕ ಎಲ್ಲಿಂದ ಬರಬೇಕು — ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಫೋನು, ಅಗ್ನಿಶಾಮಕ ಠಾಣೆಯದೇ, ಈಗ ಗಂಟೆ ಹೊಡೆದ ಕೂಡಲೇ ಗಾಡಿ ಬಿಡುವುದಿಲ್ಲ, ಮೊದಲು ಕೇಳುತ್ತಾರೆ, ಕೇಳುವವನು ಮೀಸೆ, ತಾನು ಠಾಣೆಯಲ್ಲಿ ಗಾಡಿ ಓಡಿಸುತ್ತಿದ್ದ ಕಾಲಕ್ಕೆ ಪಕ್ಕದ ಸೀಟಿನಲ್ಲಿ ಕೂತು ದಾರಿ ಬಿಡಿ ದಾರಿ ಬಿಡಿ ಅಂತ ಅರಚುತ್ತಿದ್ದ ಮೀಸೆ, ಏನು ಗುರುವೇ, ಹೊಗೆನಾ ಬೆಂಕಿನಾ, ನೋಡ್ಕೊಂಡು ಬಂದು ಹೇಳು. ನೋಡೋದೇನು ಬಂತು, ಧೂಳು ಕಣೋ, ಬರಬೇಡಿ, ಇನ್ನರ್ಧ ಗಂಟೆ ನಮ್ಮ ಕಡೆಯಿಂದ ಏನು ಹೊಡೆದ್ರೂ ಕಿವಿಗೆ ಹಾಕ್ಕೋಬೇಡ. ನೀನು ಹೇಳಿದ್ಮೇಲೆ ಮುಗೀತು, ಇಡ್ಲಾ. ಇಟ್ಟ. ನೀನು ಹೇಳಿದ್ಮೇಲೆ ಮುಗೀತು — ಆ ಮಾತು ಎಷ್ಟು ಹಿತವಾಗಿತ್ತು, ಈ ವೃದ್ಧರ ವಸತಿಗೃಹಕ್ಕೆ ಮೇಲ್ವಿಚಾರಕನಾಗಿ ಬಂದ ಮೇಲೆ ಇಲ್ಲಿಂದ ಸುಳ್ಳು ಕರೆ ಹೋಗಿಲ್ಲ ಅಂತ ಠಾಣೆಯ ಸಾಹೇಬರೇ ಬೆನ್ನು ತಟ್ಟಿ ಹೋಗಿದ್ದರು, ಯಾರೋ ಸುಟ್ಟ ಬ್ರೆಡ್ಡಿಗೆ ಇಡೀ ಊರು ಸುತ್ತಿ ಓಡಿ, ಅದೇ ಹೊತ್ತಿಗೆ ಊರಿನ ಆ ತುದಿಯಲ್ಲಿ ಹೊಲಿಗೆ ಅಂಗಡಿಯೊಂದು ನಿಜವಾಗಿ ಹೊತ್ತಿಕೊಂಡು, ಗಾಡಿ ತಿರುಗಿಸಿಕೊಂಡು ಹೋಗುವಷ್ಟರಲ್ಲಿ ಬಾಗಿಲ ಚೌಕಟ್ಟಷ್ಟೇ ಉಳಿದಿದ್ದದ್ದನ್ನು ಅವನು ಕಣ್ಣಾರೆ ಕಂಡವನು, ಸುಳ್ಳು ಗಂಟೆ ಅಂದರೆ ಅವನಿಗೆ ಮೈಯೆಲ್ಲ ಉರಿ. ಬ್ರಷ್ ತೆಗೆದುಕೊಂಡ, ಡಿಟೆಕ್ಟರಿನ ಧೂಳು ಒರೆಸಿ ಬರಬೇಕು.

ಗಂಟೆ ಹೊಡೆದರೆ ಲಿಫ್ಟು ಕೆಳಗೆ ಬಂದು ಬಾಯಿ ತೆರೆದು ನಿಂತುಬಿಡುತ್ತದೆ, ಅದಕ್ಕಿರುವ ಬುದ್ಧಿ ಮನುಷ್ಯರಿಗಿಲ್ಲ, ಮೆಟ್ಟಿಲೇ ಗತಿ, ಮಂಡಿ ಚುಳುಕ್ ಅನ್ನುತ್ತದೆ, ಒಂದು ಬಾಗಿಲೂ ತೆರೆದಿಲ್ಲ, ಯಾರೋ ಒಳಗೆ ಟೀವಿಯ ಸದ್ದು ಜಾಸ್ತಿ ಮಾಡಿದ್ದಾರೆ, ಫೈರ್ ಸಾಹೇಬ್ರು ಇದಾರಲ್ಲ ನೋಡ್ಕೋತಾರೆ ಅಂತ — ಹೊರಗೆ ಬಂದು ನಿಲ್ಲುತ್ತಿದ್ದದ್ದು ಮೊದಮೊದಲು, ಹೊದಿಕೆ ಹೊದ್ದುಕೊಂಡು, ಹಲ್ಲಿನ ಸೆಟ್ಟು ಮರೆತು, ಎಲ್ಲರೂ ಅಕ್ಕನನ್ನೇ ಕೆಕ್ಕರಿಸಿ ನೋಡಿಕೊಂಡು, ಮತ್ತೆ ಇವರದ್ದೇನಾ, ಅಕ್ಕನಿಗೆ ಬ್ರೆಡ್ಡು ಇದ್ದಿಲಿನ ಹಾಗೆ ಕರ್ರಗಾದರೇ ರುಚಿ, ಟೋಸ್ಟರಿನಲ್ಲಿಟ್ಟು ಮರೆತು ಒರಗುತ್ತಾಳೆ, ಕಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟೇ ಒರಗುತ್ತಾಳೆ. ಇನ್ನೊಂದು ಸಲ ಆ ಕೋಣೆಯಿಂದ ಗಂಟೆ ಹೊಡೆದ್ರೆ ನಿಮ್ಮ ಅಕ್ಕನವರಿಗೆ ಬೇರೆ ಜಾಗ ನೋಡ್ಕೊಳ್ಳಿ, ತಪ್ಪು ತಿಳ್ಕೋಬೇಡಿ, ಅಂದಿದ್ದರು ವಸತಿಗೃಹದ ಅಧ್ಯಕ್ಷರು, ಕನ್ನಡಕ ಒರೆಸಿಕೊಳ್ಳುತ್ತಾ, ಬೇರೆ ಜಾಗ ಎಲ್ಲಿದೆ, ಅವನದ್ದೇ ಒಂದು ಕೋಣೆಯ ಸಂಸಾರ, ತಾಯಿ ಹೋದ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು, ಮದುವೆ ಬೇಡ ಅಂದವಳು, ಯಾಕೆ ಬೇಡ ಅಂದಳೋ ಅವನು ಕೇಳಲೇ ಇಲ್ಲ — ಟೋಸ್ಟರ್ ಕಿತ್ತುಕೊಂಡರೆ ಊಟ ಬಿಟ್ಟು ಕೂತಳು, ಹಾಗಾಗಿ ಅವನು ಸ್ಟೂಲು ಹತ್ತಿದ, ಅಕ್ಕ ಸ್ಟೂಲಿನ ಕಾಲು ಹಿಡಿದುಕೊಂಡಳು, ತಗೋ ನನ್ನ ಸ್ನಾನದ ಟೋಪಿ, ಹೊಸದು, ನೀಲಿ ಪ್ಲಾಸ್ಟಿಕ್ಕಿನದು, ಅಂಚಿಗೆ ಎಲಾಸ್ಟಿಕ್ಕು, ಅದನ್ನು ಡಿಟೆಕ್ಟರಿಗೆ ತೊಡಿಸಿ ಎರಡು ಸುತ್ತು ದಾರ ಬಿಗಿದ, ಪಾಪ ಅದಕ್ಕೂ ತಲೆ ಒದ್ದೆಯಾಗಲ್ಲ ಇನ್ನು ಅಂತ ಅಕ್ಕ ಬಾಯಿ ತುಂಬ ನಕ್ಕಳು, ಅವನೂ ನಕ್ಕ. ಮತ್ತೆ ಇಳಿದ ಮೇಲೆ ಅವಳ ಒಳ್ಳೆಯ ಕಿವಿಯ ಹತ್ತಿರ ಬಾಗಿ ಹೇಳಿದ, ಅಕ್ಕ, ಗಂಟೆ ಹೊಡೆದ್ರೂ ಹೊರಗೆ ಬರಬೇಡ, ಜನ ನಿನ್ನನ್ನೇ ನೋಡ್ತಾರೆ, ನಾನು ಬರೋ ತನಕ ಒಳಗೇ ಇರು.

ಎರಡನೇ ಮಹಡಿಯ ತಿರುವಿನಲ್ಲಿ ಬಣ್ಣದವನು ಕಾಲು ಚಾಚಿ ಕೂತು ಬುತ್ತಿ ಬಿಚ್ಚಿದ್ದ, ಕೈ ತೊಳೆದಿದ್ದಾನೆ, ಉಗುರಿನ ಸಂದಿಯಲ್ಲಿ ಮಾತ್ರ ಸುಣ್ಣ, ಏನಯ್ಯಾ ಇಷ್ಟು ಧೂಳು ಎಬ್ಬಿಸ್ತೀರಾ ಮೇಲೆ, ಅಂದರೆ ಅವನು ತುತ್ತು ಹಿಡಿದ ಕೈಯಲ್ಲೇ, ನಾವಾ ಸಾರ್, ನಾವು ಮೂರನೇ ಮಹಡಿಗೆ ಇವತ್ತು ಹತ್ತೇ ಇಲ್ವಲ್ಲ, ಇಲ್ಲೇ ಮುಗೀಲಿಲ್ಲ ಇನ್ನೂ. ಹತ್ತೇ ಇಲ್ಲ. ಹಾಗಾದರೆ ಧೂಳಿಲ್ಲ, ಧೂಳಿಲ್ಲದಿದ್ದರೆ, ಕಾರಿಡಾರಿನ ದೀಪ ಹತ್ತಿದ್ದು, ಅಕ್ಕನ ಕೋಣೆಯದು ಹತ್ತದೇ ಇದ್ದದ್ದು, ಅದು ಹತ್ತಲಾರದು, ಅದರ ಮುಖಕ್ಕೆ ಟೋಪಿ ಇದೆ, ಅವನೇ ಹಾಕಿದ್ದು, ಕೋಣೆ ತುಂಬಿದ ಮೇಲೆ ತಾನೇ ಹೊಗೆ ಬಾಗಿಲ ಸಂದಿಯಿಂದ ಹೊರಗೆ ಬರುವುದು, ತುಂಬಿದ ಮೇಲೆ — ಸದ್ಯ ಬದುಕಿದೆ ಅಂದುಕೊಂಡನಲ್ಲ, ಯಾರು ಬದುಕಿದ್ದು — ಮೊಬೈಲು ಕೆಳಗೆ ಚಾರ್ಜಿಗಿದೆ, ಇಳಿಯಬೇಕು, ಹತ್ತಬೇಕು, ಗೋಡೆಯ ಕೆಂಪು ಪೆಟ್ಟಿಗೆಯ ಗಾಜನ್ನು ಬ್ರಷ್ಷಿನ ಹಿಡಿಯಿಂದ ಒಡೆದ, ಗಂಟೆ ಮತ್ತೆ ಬಡಿದುಕೊಂಡಿತು, ಬಡಿದುಕೊಂಡರೇನು, ಠಾಣೆಯಲ್ಲಿ ಮೀಸೆ ನಗುತ್ತಾ ಕಿವಿಗೆ ಹಾಕಿಕೊಳ್ಳದೆ ಕೂತಿದ್ದಾನೆ, ನೀನು ಹೇಳಿದ್ಮೇಲೆ ಮುಗೀತು, ಫೋನ್ ಮಾಡಯ್ಯಾ, ಬೆಂಕಿ ಅನ್ನು, ಗಾಡಿ ಬೇಕು ಅನ್ನು, ಬಣ್ಣದವನು ಹಲ್ಲು ಕಿರಿಯುತ್ತಾನೆ, ಮತ್ತೆ ಪ್ರಾಕ್ಟೀಸಾ ಸಾರ್, ಪ್ರಾಕ್ಟೀಸ್ ಅಲ್ವೋ, ನಿಜ ಕಣೋ, ನಿಜ, ನಿಜ ಅನ್ನುವುದನ್ನು ಹೇಗೆ ಹೇಳಿದರೆ ನಿಜ ಅನ್ನಿಸುತ್ತದೆ, ಅವನ ಮುಖ ನೋಡಿ ಬಣ್ಣದವನ ನಗು ನಿಂತಿತು, ತುತ್ತು ಕೆಳಗೆ ಬಿತ್ತು, ಎಂಜಲು ಕೈಯಲ್ಲೇ ಜೇಬು ತಡಕುತ್ತಿದ್ದಾನೆ, ಗಾಡಿ ಹೊರಟರೂ ದೊಡ್ಡ ರಸ್ತೆ ದಾಟಬೇಕು, ಮಾರ್ಕೆಟ್ಟಿನ ತಿರುವು ದಾಟಬೇಕು, ಆ ದಾರಿ ಅವನ ಕೈಗೆ ಗೊತ್ತು, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅವನ ಕೈಗೇ ಗೊತ್ತು — ಹತ್ತಿದ, ಮಂಡಿ ಎಲ್ಲಿ ಹೋಯಿತೋ, ಮೂರನೇ ಮಹಡಿ, ಸೂರಿನ ಕೆಳಗೆ ಬೂದು ಪದರ, ತೆಳ್ಳಗೆ, ಸುಟ್ಟ ಬ್ರೆಡ್ಡಿನದಲ್ಲ, ಪರದೆ ಸುಟ್ಟ ವಾಸನೆ, ಹೊಲಿಗೆ ಅಂಗಡಿಯ ವಾಸನೆ, ಅಕ್ಕಾ, ಅಕ್ಕಾ, ಬಾಗಿಲು ಬಡಿದ, ಒಳಗೆ ಸದ್ದಿಲ್ಲ, ಒಳಗೇ ಇದ್ದಾಳೆ, ಹೊರಗೆ ಬರಬೇಡ ಅಂದಿದ್ದನಲ್ಲ, ಅವನು ಹೇಳಿದ್ದನ್ನು ಅವಳು ಯಾವತ್ತೂ ಮೀರಿಲ್ಲ, ಹಿಡಿಕೆ ಕೈ ಸುಡುತ್ತದೆ, ಅಂಗಿಯ ಚುಂಗಿನಿಂದ ಹಿಡಿದು ತಿರುಗಿಸುತ್ತಾನೆ, ಚಿಲಕ ಹಾಕಿದ್ದಾಳೆ, ಭುಜ ಕೊಡುತ್ತಾನೆ, ಮತ್ತೆ ಕೊಡುತ್ತಾನೆ, ಕಣ್ಣ ಮುಂದೆ ಬಾಗಿಲಿಲ್ಲ, ಸೂರು, ಸೂರಿನಲ್ಲಿ ನೀಲಿ ಟೋಪಿ, ಅಕ್ಕ ಸ್ಟೂಲು ಹಿಡಿದು ಕತ್ತು ಎತ್ತಿ ನೋಡುತ್ತಿದ್ದಾಳೆ, ಗಟ್ಟಿಯಾಗಿ ಕಟ್ಟಿದೀಯೇನೋ, ಬೀಳಲ್ಲ ತಾನೇ, ಬೀಳಲ್ಲ ಅಕ್ಕ, ನೀಲಿ ಟೋಪಿ, ಎರಡು ಸುತ್ತು ದಾರ, ಬೀಳಲ್ಲ ಅಕ್ಕ, ಬೀಳಲ್ಲ, ನೀಲಿ ಟೋಪಿ