ಕೆಮ್ಮಜ್ಜಿಯ ಚೀಟಿ

ಕೀಲಿಮಣೆಯ ಗುಂಡಿಗಳನ್ನೆಲ್ಲ ಕಿತ್ತು, ಸೋಪಿನ ನೀರಿನಲ್ಲಿ ಮುಳುಗಿಸಿ, ಕಾಳು ತೊಳೆಯುವ ಹಾಗೆ ಕೈಯಾಡಿಸುತ್ತಿದ್ದೆ. ಒಂದು ಕೀಲಿಮಣೆಗೆ ನೂರಾ ನಾಲ್ಕು ಗುಂಡಿ. ಎಷ್ಟು ಜನರ ಬೆರಳಿನ ಕೊಳೆಯೋ ಏನೋ, ನೀರು ಆಗಲೇ ಟೀ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ಲೈಬ್ರೇರಿಯನ್ನರು ಬಾಗಿಲಲ್ಲಿ ತಲೆ ಹಾಕಿದರು.

"ದೊಡ್ಡಮ್ಮಾ, ಕಾಗದ ಬಂದಿದೆ. ನಿಮ್ಮ ತಂಗೀದು."

"ಅಲ್ಲಿಡಿ. ಕೈ ಒದ್ದೆ."

"ಹೋದ ಸಲದ್ದಕ್ಕೇ ನೀವು ಉತ್ತರ ಹಾಕಿಲ್ಲ ಅನ್ಸುತ್ತೆ?"

"ಬರೆದಿದೀನಿ. ಹಾಕಿಲ್ಲ ಅಷ್ಟೆ."

"ಹಾಕದೇ ಇದ್ದಮೇಲೆ ಬರೆದೇನು ಬಂತು? ಉಪ್ಪಿನಕಾಯಿ ಹಾಕೋಕಾ?" ಎಂದು ನಗುತ್ತಾ ಹೋದರು.

ನಿಜ ಹೇಳಬೇಕೆಂದರೆ ನಾನು ಬರೆದೂ ಇರಲಿಲ್ಲ. ನಾಲ್ಕು ತಿಂಗಳಿಂದ ನನ್ನ ಕಾಗದ 'ಪ್ರೀತಿಯ ತಂಗಿಗೆ' ಎಂಬ ಎರಡು ಪದಗಳಿಗೇ ನಿಂತಿತ್ತು.

ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ಆರು ಕಂಪ್ಯೂಟರುಗಳಿವೆ. ಮೊದಲು ಏಳಿದ್ದವು. ಯಾವುದೋ ಕಚೇರಿಯವರು ಗುಜರಿಗೆ ಹಾಕಲಿದ್ದುದನ್ನು ಲೈಬ್ರೇರಿಯನ್ನರು ಕಾಡಿ ಬೇಡಿ ತಂದಿದ್ದರು. ನಾನು ಅಲ್ಲಿ ಕಸ ಗುಡಿಸುವವಳು. ಬೆಳಿಗ್ಗೆ ಒಂದರ ಗುಂಡಿ ಒತ್ತಿ, ಇಡೀ ವಾಚನಾಲಯ ಗುಡಿಸಿ, ನೆಲ ಒರೆಸಿ ಬಂದರೂ ಅದು ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಸತ್ತವೇ ಇವು ಎಂದು ನಾನು ತಿಳಿದಿದ್ದೆ.

"ಸತ್ತಿಲ್ಲ ದೊಡ್ಡಮ್ಮಾ, ಹೊರೆ ಜಾಸ್ತಿಯಾಗಿದೆ," ಎಂದಿದ್ದರು ಅವರು. "ಮುದುಕರ ತಲೆ ಮೇಲೆ ಹರೆಯದವರ ಮೂಟೆ ಹೊರಿಸಿದಾರೆ. ಇಳಿಸಿ ನೋಡೋಣ."

ಇಳಿಸಿದೆವು. ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರಿನಲ್ಲಿ ಲಿನಕ್ಸ್ ಎಂಬುದೊಂದಿದೆ, ಅದರಲ್ಲಿ ಹಗುರವಾದ ಬಗೆಗಳಿವೆ. ಅಂದ ಚಂದವಿಲ್ಲ, ತೆರೆಯ ಮೇಲೆ ಹಾರುವ ಕುಣಿಯುವ ಚಿತ್ರಗಳಿಲ್ಲ. ಬರೆಯುವುದಕ್ಕೆ, ಓದುವುದಕ್ಕೆ, ಮೇಲ್ ನೋಡುವುದಕ್ಕೆ ಏನು ಬೇಕೋ ಅಷ್ಟೇ. ಈ ಹಳೆಯ ಡಬ್ಬಗಳಿಗೆ ಪೆನ್ ಡ್ರೈವಿನಿಂದ ಏಳುವುದೂ ಗೊತ್ತಿಲ್ಲ. ಸಿ.ಡಿ. ಹಾಕಬೇಕು, ಗುಂಡಿ ಒತ್ತಿದ ತಕ್ಷಣ ಅದರ ಪಟ್ಟಿಗೆ ಹೋಗಿ 'ಮೊದಲು ಸಿ.ಡಿ. ನೋಡು' ಎಂದು ಹೇಳಬೇಕು, ಆಮೇಲೆ ಕಾಯಬೇಕು. ಕಾಯುವುದು ನನಗೆ ಬರುತ್ತದೆ. ಮೂರು ತಿಂಗಳಲ್ಲಿ ಏಳಕ್ಕೇಳನ್ನೂ ನಾನೇ ಎಬ್ಬಿಸಿದೆ. ಮುಚ್ಚಳ ಬಿಚ್ಚಿ, ಬಣ್ಣ ಹಚ್ಚುವ ಬ್ರಷ್ಷಿನಿಂದ ಧೂಳು ತೆಗೆದು, ಒಂದರ ಮೆಮೊರಿ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿ. ಈಗ ಗುಂಡಿ ಒತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಎದ್ದು ಕೂರುತ್ತವೆ. ಎಲ್ಲಕ್ಕೂ ಹೆಸರಿಟ್ಟೆ. ಗಳಿಗೆಗೊಮ್ಮೆ ನಿಂತುಬಿಡುವುದು ಸಿಡುಕ. ಎಲ್ಲರಿಗಿಂತ ಚುರುಕಾಗಿದ್ದು, ಫ್ಯಾನು ಮಾತ್ರ ಗೊರ ಗೊರ ಅನ್ನುತ್ತಿದ್ದುದು ಕೆಮ್ಮಜ್ಜಿ. ಕೆಮ್ಮಜ್ಜಿ ನನ್ನ ಮುದ್ದು.

ಆ ಕೋಣೆಗೊಂದು ಕಟ್ಟುಪಾಡಿದೆ. ಪ್ರತಿ ಕಂಪ್ಯೂಟರಿನ ಬೆನ್ನಿಗೂ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿರುತ್ತದೆ, ಆಸ್ಪತ್ರೆಯಲ್ಲಿ ಮಂಚಕ್ಕೆ ಕಟ್ಟುವ ಹಾಗೆ. ಯಾರು ಏನು ಹಾಕಿದರು, ಏನು ತೆಗೆದರು, ಎಂದು, ಎಲ್ಲ ಬರೆಯಬೇಕು. ಬರೆಯದೆ ಒಂದು ಸ್ಕ್ರೂ ಕೂಡ ಮುಟ್ಟುವಂತಿಲ್ಲ. ನಾಳೆ ಬರುವ ಕೈಗೆ ಇವತ್ತಿನ ಕೈ ಮಾಡಿದ್ದು ಗೊತ್ತಾಗಬೇಕಲ್ಲ. ಏಳು ಚೀಟಿಗಳಲ್ಲೂ ಇದ್ದದ್ದು ನನ್ನ ಗುಂಡು ಗುಂಡು ಅಕ್ಷರ.

ಅಕ್ಷರ ಕಲಿತದ್ದು ನನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಪಕ್ಕದಲ್ಲಿ ಕೂತಿದ್ದವಳು ನನ್ನ ತಂಗಿ. ಅವಳನ್ನು ಎಲ್ಲರೂ ಚೂಟಿ ಎನ್ನುವುದು. ನಾನು ವಾರಪೂರ್ತಿ ತಿದ್ದಿದ್ದನ್ನು ಅವಳು ಒಂದು ಸಂಜೆಗೆ ತಿದ್ದಿ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಮೇಷ್ಟ್ರು ವರ್ಷದ ಕೊನೆಗೆ ಅವಳಿಗೊಂದು ಪೆನ್ನು ಕೊಟ್ಟರು. ನನಗೆ, "ಅಕ್ಕನಿಗೆ ತಾಳ್ಮೆ ಇದೆ," ಎಂದರು. ಹೊಗಳಲು ಬೇರೇನೂ ಸಿಗದಿದ್ದಾಗ ಜನ ತಾಳ್ಮೆಯನ್ನು ಹುಡುಕುತ್ತಾರೆ. ಇದು ನನಗೆ ಅವತ್ತೇ ತಿಳಿಯಿತು.

ಆ ಚೂಟಿ ಆರು ತಿಂಗಳ ಹಿಂದೆ ಐದು ವಾರ ನನ್ನ ಮನೆಯಲ್ಲಿರಲು ಬಂದಳು. ಕಿವಿ ಕೇಳಿಸದಂತಾಗಿತ್ತು. ಒಂದು ವರ್ಷದಲ್ಲಿ ಪೂರಾ ಹೋಗಿತ್ತು. "ಕಿವಿ ಹೋಯ್ತು ಕಣಕ್ಕಾ, ನಾಲಿಗೆ ಗಟ್ಟಿಯಾಗಿದೆ!" ಎಂದು ವಾಚನಾಲಯದ ಬಾಗಿಲಲ್ಲೇ ಕೂಗಿದಳು. 'ಸದ್ದು ಮಾಡಬೇಡಿ' ಎಂಬ ಹಲಗೆಯ ಕೆಳಗೇ ನಿಂತು. ಓದುತ್ತಿದ್ದವರೆಲ್ಲ ತಲೆಯೆತ್ತಿ ನಕ್ಕರು. ನಾನು ಆರು ವರ್ಷ ಗುಡಿಸಿದರೂ ಅವರು ನನ್ನತ್ತ ತಲೆಯೆತ್ತಿರಲಿಲ್ಲ.

ಅವಳಿಗೆ ಹೊತ್ತು ಹೋಗಲಿ ಎಂದು ನಾನೇ ಕೆಮ್ಮಜ್ಜಿಯ ಮುಂದೆ ಕೂರಿಸಿದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಮೂರು ದಿನಕ್ಕೆ ಮೇಲ್ ಕಳಿಸುವುದು ಕಲಿತಳು. ವಾರಕ್ಕೆ ಎರಡೂ ಕೈಯಲ್ಲಿ ಟೈಪು ಮಾಡಿದಳು. ದೂರದಲ್ಲಿರುವ ಮಗಳೊಂದಿಗೆ, ಹಿಂದೆ ಕೆಲಸ ಮಾಡಿದ ಗಾರ್ಮೆಂಟ್ಸಿನ ಗೆಳತಿಯರೊಂದಿಗೆ ಬರೆದು ಬರೆದು ಮಾತಾಡಿ, ಒಬ್ಬಳೇ ಕೂತು ಖೊಳ್ಳೆಂದು ನಗುತ್ತಿದ್ದಳು. ದಿನಾ ಪೆನ್ಶನ್ ವಿಷಯ ನೋಡಲು ಬರುವ ನಿವೃತ್ತ ಕಂಡಕ್ಟರು ಅಷ್ಟು ದಿನ ನನ್ನನ್ನೇ ಕರೆಯುತ್ತಿದ್ದವರು, ಈಗ ಚೀಟಿಯಲ್ಲಿ ಪ್ರಶ್ನೆ ಬರೆದು ಅವಳ ಮುಂದೆ ಹಿಡಿಯತೊಡಗಿದರು.

"ನಿಮ್ಮ ತಂಗಿ ಭಾರೀ ಚುರುಕು ಕಣಮ್ಮಾ," ಎಂದರು ಒಂದು ದಿನ. "ನೀವು ಹೇಳಿಕೊಡೋದು ಪ್ಯಾಸೆಂಜರ್ ಗಾಡಿ ಇದ್ದಂಗೆ. ಎಲ್ಲಾ ಸ್ಟಾಪಲ್ಲೂ ನಿಲ್ಲುತ್ತೆ."

"ಸ್ಟಾಪಲ್ಲಿ ನಿಲ್ಲದೇ ಇದ್ದಿದ್ರೆ ನೀವೆಲ್ಲಿ ಹತ್ತುತಿದ್ರಿ ಸ್ವಾಮಿ?" ಎಂದೆ. ಅವರು ನಕ್ಕರು. ನಾನು ಗುಡಿಸಿದ ಜಾಗವನ್ನೇ ಮತ್ತೊಮ್ಮೆ ಗುಡಿಸಿದೆ.

ಅವಳು ಹೊರಡುವ ಹಿಂದಿನ ದಿನ ಲೈಬ್ರೇರಿಯನ್ನರು ನನ್ನನ್ನು ಕರೆದು, "ಕೆಮ್ಮಜ್ಜೀನ ನಿಮ್ಮ ತಂಗಿಗೆ ಕೊಟ್ಟುಬಿಡೋಣ್ವಾ ದೊಡ್ಡಮ್ಮಾ? ಅವರಿಗೆ ಅದೇ ಕಿವಿ ಆಗಿದೆ," ಎಂದರು. ಬೇಡ ಎನ್ನಲು ಯಾವ ಬಾಯಿ ಇದೆ? "ಕೊಡಿ, ನನಗೇನು," ಎಂದೆ.

ನನಗೇನು ಎಂದವಳು ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೆಮ್ಮಜ್ಜಿಯ ಮುಚ್ಚಳ ಬಿಚ್ಚಿದೆ. ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಕರೆಂಟು ತೆಗೆದಾಗಲೂ ಕಂಪ್ಯೂಟರಿಗೆ ದಿನ ತಾರೀಖು ನೆನಪಿರುವುದು ಅದರಿಂದ. ಕೆಮ್ಮಜ್ಜಿಯದು ಹೊಸದು, ನಾನೇ ಹಾಕಿದ್ದು. ಅದನ್ನು ತೆಗೆದು, ಸಿಡುಕನಲ್ಲಿದ್ದ ಸತ್ತ ಬ್ಯಾಟರಿಯನ್ನು ಅಲ್ಲಿ ಕೂರಿಸಿದೆ. ಒಳ್ಳೆಯದನ್ನು ಸಿಡುಕನಿಗೆ ಹಾಕಿದೆ. ಗಡಿಯಾರದ ಅಂಗಡಿಯಲ್ಲಿ ಕೇಳಿದರೆ ಸಿಗುವ ವಸ್ತು. ಕದಿಯಬೇಕಾಗಿಯೇ ಇರಲಿಲ್ಲ. ಅವಳಿಗೆ ಪೂರ್ತಿಯಾದದ್ದು ಹೋಗಬಾರದು ಅನ್ನಿಸಿತು, ಅಷ್ಟೆ. ಚೀಟಿಯಲ್ಲಿ ಏನೂ ಬರೆಯಲಿಲ್ಲ.

ಕಂಪ್ಯೂಟರು ತಾರೀಖು ಮರೆತರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಲ ಎದ್ದಾಗಲೂ ಅದು ಇಪ್ಪತ್ತು ವರ್ಷ ಹಿಂದಿನ ಜನವರಿ ಒಂದರಲ್ಲಿ ಏಳುತ್ತದೆ. ಮೇಲ್ ತೆರೆಯಹೋದರೆ ಆ ಕಡೆಯವರು 'ನಿನ್ನನ್ನು ನಂಬುವುದಿಲ್ಲ' ಎಂದು ಬಾಗಿಲು ಹಾಕುತ್ತಾರೆ.

ತಿಂಗಳು ತುಂಬುವ ಮೊದಲೇ ಚೂಟಿಯ ಮೊದಲ ಕಾಗದ ಬಂತು. ಮೇಲ್ ತೆರೆಯುತ್ತಿಲ್ಲ, ಏನೋ ಸುರಕ್ಷಿತವಲ್ಲ ಅನ್ನುತ್ತದೆ, ಅದರ ಗಡಿಯಾರವೂ ತಪ್ಪು, ಗಡಿಯಾರ ಹೋಗಲಿ ಗೋಡೆ ಮೇಲೆ ಒಂದಿದೆ, ಮೇಲ್ ಮಾತ್ರ ಹೇಗಾದರೂ ಮಾಡು ಎಂದು ಬರೆದಿದ್ದಳು. ಕಾರಣ ಆ ತಪ್ಪು ಗಡಿಯಾರವೇ. ಅವಳೇ ಬರೆದಿದ್ದಳು, ಅವಳಿಗೆ ಕಾಣಲಿಲ್ಲ. ಚೂಟಿಗೂ ಕಾಣದ್ದು ಒಂದಿದೆ ಎಂದು ನನಗೆ ಎಷ್ಟು ಹಿತವಾಯಿತೆಂದರೆ, ಆ ಕಾಗದವನ್ನು ಎರಡು ಸಲ ಓದಿದೆ. ನಾಳೆ ಉತ್ತರ ಬರೆದರಾಯಿತು ಎಂದುಕೊಂಡೆ. ನಾಳೆ ಎನ್ನುತ್ತಾ ನಾಲ್ಕು ತಿಂಗಳು.

ಗುಂಡಿಗಳನ್ನು ಟವೆಲಿನ ಮೇಲೆ ಹರಡಿ, ಕೈ ಒರೆಸಿಕೊಂಡು ಲಕೋಟೆ ಒಡೆದೆ.

'ಅಕ್ಕಾ, ನಿನಗೆ ಮೈ ಹುಷಾರಿಲ್ಲವೇನೋ, ಉತ್ತರ ಇಲ್ಲ. ಕಂಪ್ಯೂಟರನ್ನು ಮುಂದಿನ ವಾರ ವ್ಯಾನಿನವರ ಕೈಯಲ್ಲಿ ವಾಪಸ್ ಕಳಿಸುತ್ತೇನೆ. ಇಲ್ಲಿ ರಿಪೇರಿಯವನಿಗೆ ತೋರಿಸಿದೆ. ಮುಚ್ಚಳ ಕೂಡ ಬಿಚ್ಚದೆ, ಅಜ್ಜಿ, ಇದನ್ನ ಗುಜರಿಗೆ ಹಾಕಿ ಎಂದು ಬರೆದು ತೋರಿಸಿ ನಕ್ಕ. ಬೆನ್ನಿಗೆ ಕಟ್ಟಿರುವ ಚೀಟಿಯನ್ನು ಹತ್ತು ಸಲ ಓದಿದೆ. ನೀನು ಬರೆದದ್ದರಲ್ಲಿ ತಪ್ಪಿರುವುದಿಲ್ಲ. ಹಾಗಾದರೆ ಕೆಡಿಸಿದ್ದು ನಾನೇ. ಮೇಷ್ಟ್ರು ನನಗೆ ಪೆನ್ನು ಕೊಟ್ಟಾಗಲೇ ನನಗೆ ಗೊತ್ತಿತ್ತು, ನಾನು ಬೇಗ ಕಲಿಯುತ್ತೇನೆ, ನೀನು ಸರಿಯಾಗಿ ಕಲಿಯುತ್ತೀಯ. ಆಗಲೂ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು, ಈಗಲೂ ಇದೆ. ಮಗಳು ಬರೆದದ್ದೆಲ್ಲ ಅದರೊಳಗೇ ಉಳಿದುಹೋಯಿತು. ಇರಲಿ ಬಿಡು. ನನ್ನ ಹಣೆಬರಹಕ್ಕೆ ಇನ್ನು ಮೌನವೇ ಗತಿ.'

ಅಲ್ಲಿಯೇ ಸ್ಟೂಲಿನ ಮೇಲೆ ಕೂತೆ. ಮೊದಲು ಬಂದ ಯೋಚನೆ ಒಳ್ಳೆಯದಲ್ಲ, ಇದ್ದದ್ದನ್ನೇ ಹೇಳುತ್ತೇನೆ. ಬರಲಿ ಎಂದುಕೊಂಡೆ. ವ್ಯಾನಿನಿಂದ ಇಳಿಸಿಕೊಂಡು, ಯಾರೂ ಇಲ್ಲದಾಗ ಬ್ಯಾಟರಿ ಬದಲಿಸಿ, ಎಲ್ಲರ ಮುಂದೆ ಗುಂಡಿ ಒತ್ತಿದರೆ ಸಾಕು. 'ಚೂಟಿ ಕೈಯಲ್ಲಿ ಆಗದ್ದು ದೊಡ್ಡಮ್ಮನ ಕೈಯಲ್ಲಾಯ್ತು ನೋಡಿ,' ಎಂದು ಕಂಡಕ್ಟರೇ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕೆಮ್ಮಜ್ಜಿಯೂ ನನಗೆ, ಗೆಲುವೂ ನನಗೆ. ಆ ಚಿತ್ರ ಎಷ್ಟು ಸಿಹಿಯಾಗಿತ್ತೆಂದರೆ ನಾನು ಸ್ವಲ್ಪ ಹೊತ್ತು ಅದರಲ್ಲೇ ಇದ್ದೆ.

ಕಂಡಕ್ಟರು ಎಂದಿನ ಹೊತ್ತಿಗೆ ಬಂದು ಸಿಡುಕನ ಮುಂದೆ ಕೂತರು.

"ಏನಮ್ಮಾ, ಇದೊಂದೇ ನೋಡಿ ಇಲ್ಲಿ ಸರಿಯಾದ ಟೈಮ್ ತೋರ್ಸೋದು. ಮಿಕ್ಕಿದ್ದಕ್ಕೆಲ್ಲ ದಿನಾ ನೀವೇ ತಾರೀಖು ಕೂರಿಸ್ತೀರಿ. ಇದಕ್ಕೇನು ಮಂತ್ರ ಹಾಕಿದೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಸೆರಗಿಗೆ ಹೋಯಿತು. "ಮಂತ್ರ ಅಲ್ಲ ಸ್ವಾಮಿ, ಕಳ್ಳತನ," ಎಂದೆ.

"ಹ್ಹಹ್ಹ! ನೀವೂ ತಮಾಷೆ ಮಾಡೋದು ಕಲಿತ್ರಲ್ಲ. ತಂಗಿ ಸಹವಾಸ!"

ನಿಜ ಹೇಳಿದರೂ ನಂಬಲಿಲ್ಲ, ಅದರ ಕೀರ್ತಿಯೂ ಅವಳಿಗೇ ಹೋಯಿತು! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವರು ಎದ್ದು ಹೋಗುವವರೆಗೆ ಕಾದೆ. ಕಾದಷ್ಟು ಹೊತ್ತೂ ಆ ಒಂದು ಸಾಲು ಕಣ್ಣ ಮುಂದೆ ನಿಂತಿತ್ತು: ನೀನು ಬರೆದದ್ದರಲ್ಲಿ ತಪ್ಪಿರುವುದಿಲ್ಲ. ನಿಜ, ಬರೆದದ್ದರಲ್ಲಿ ತಪ್ಪಿರಲಿಲ್ಲ. ಅರ್ಧ ಆಯಸ್ಸು ಕಳೆದ ಮೇಲೆ ಅಕ್ಷರ ಕಲಿತವಳು ನಾನು. ಯಾರದೋ ಕಾಗದ ಯಾರೋ ತಪ್ಪು ಓದಿ ಹೇಳಿ ಮೋಸ ಮಾಡುವುದನ್ನು ಕಂಡು ಕಂಡು, ಇನ್ನು ಸಾಕು ಎಂದು ಕಲಿತವಳು. ಕಿವಿಯಿಲ್ಲದವಳು ನನ್ನ ಅಕ್ಷರವನ್ನು ನಂಬಿ ತನ್ನನ್ನೇ ಬೈದುಕೊಂಡಿದ್ದಾಳೆ. ಅದರ ಮೇಲೆ ಗೆದ್ದು ನಾನೇನು ಮಾಡಲಿ?

ಮತ್ತೆ, ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಂತೆ! ಅದನ್ನೂ ನನಗಿಂತ ಮೊದಲು ಅವಳೇ ಹೇಳಿಬಿಟ್ಟಳು, ಅದೂ ಒಂದೇ ಸಾಲಿನಲ್ಲಿ. ನಾನು ಇಪ್ಪತ್ತು ವರ್ಷದಿಂದ ಹೇಳಲಾಗದೆ ಒಳಗೇ ಇಟ್ಟು ಕುದಿಸಿದ್ದನ್ನು.

ಸಿಡುಕನ ಮುಚ್ಚಳ ಬಿಚ್ಚಿ, ಉಗುರಿನಿಂದ ಮೀಟಿ ಬ್ಯಾಟರಿ ತೆಗೆದೆ. ಸಿಡುಕನ ಚೀಟಿಯಲ್ಲಿ ಬರೆದೆ. ಆಮೇಲೆ ಹೊಸ ರಟ್ಟು ಕತ್ತರಿಸಿ, ದಾರ ಪೋಣಿಸಲು ತೂತು ಮಾಡಿ, ಅದರಲ್ಲೇ ಕಾಗದ ಬರೆದೆ. 'ಪ್ರೀತಿಯ ತಂಗಿಗೆ' ಆದ ಮೇಲೆ ಈ ಸಲ ಕೈ ನಿಲ್ಲಲಿಲ್ಲ.

'ಕೆಮ್ಮಜ್ಜಿಯ ಚೀಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ನೀನು ಹೊರಟ ಹಿಂದಿನ ದಿನ, ಮಧ್ಯಾಹ್ನ. ಒಳ್ಳೆಯ ಬ್ಯಾಟರಿ ತೆಗೆದು ಸತ್ತದ್ದನ್ನು ಹಾಕಲಾಗಿದೆ. ತೆಗೆದವಳು ನಿನ್ನ ಅಕ್ಕ. ಕಾರಣ ಹೊಟ್ಟೆಕಿಚ್ಚು. ನೀನು ಏನೂ ಕೆಡಿಸಿಲ್ಲ. ಕಂಪ್ಯೂಟರನ್ನು ಕಳಿಸಬೇಡ. ಕರೆಂಟಿನ ವೈರು ಕಿತ್ತು, ಎಡಗಡೆಯ ಎರಡು ಸ್ಕ್ರೂ ಬಿಚ್ಚು. ನಾಣ್ಯದಂಥದ್ದು ಕಾಣುತ್ತದೆ. ಪಕ್ಕದ ಕೊಕ್ಕೆ ಒತ್ತಿದರೆ ತಾನಾಗಿ ಮೇಲೇಳುತ್ತದೆ. ಅದರ ಜಾಗದಲ್ಲಿ ಈ ಲಕೋಟೆಯೊಳಗಿರುವುದನ್ನು ಅಕ್ಷರ ಮೇಲೆ ಬರುವ ಹಾಗೆ ಕೂರಿಸು. ಆಮೇಲೆ ಒಂದೇ ಸಲ ತಾರೀಖು ಸರಿ ಮಾಡು. ಮಗಳ ಮೇಲ್ ಎಲ್ಲ ಬರುತ್ತವೆ. ಅವು ಎಲ್ಲೂ ಹೋಗಿಲ್ಲ, ಹೊರಗೆ ಕಾಯುತ್ತಿವೆ. ಈ ರಟ್ಟನ್ನು ಹಳೆಯ ಚೀಟಿಯ ಜೊತೆಗೇ ಕಟ್ಟು. ಯಾರಾದರೂ ಓದಿದರೆ ಓದಲಿ.'

ಅಂಚೆ ಕಚೇರಿ ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಬ್ಯಾಟರಿಯನ್ನು ಪ್ಲಾಸ್ಟಿಕ್ ಚೂರಿನಲ್ಲಿ ಸುತ್ತಿ ರಟ್ಟಿನ ಜೊತೆ ಲಕೋಟೆಯೊಳಗಿಟ್ಟು, ಸರ ಸರ ನಡೆದೆ. ಕೌಂಟರಿನ ಹೆಂಗಸು ಲಕೋಟೆಯನ್ನು ಹಿಚುಕಿ ನೋಡಿದಳು.

"ಒಳಗೇನಜ್ಜಿ, ಗಟ್ಟಿಯಾಗಿದೆ? ನಾಣ್ಯ ಗೀಣ್ಯ ಹಾಕಬಾರದು."

"ನಾಣ್ಯ ಅಲ್ಲಮ್ಮಾ. ಗಡಿಯಾರಕ್ಕೆ ಹಾಕ್ತಾರಲ್ಲ, ಆ ಬ್ಯಾಟರಿ. ನನ್ನ ತಂಗೀದು. ನನ್ನ ಹತ್ರ ಉಳಿದುಬಿಟ್ಟಿತ್ತು."

"ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಟ್ಟಾ?"

"ಬರೆಯೋದು ಜಾಸ್ತಿ ಇತ್ತು."

ಅವಳು ತೂಗಿ, ಅಂಚೆಚೀಟಿ ಅಂಟಿಸಿ, ಮುದ್ರೆ ಎತ್ತಿದಳು. ನಾನು ಕೌಂಟರಿನ ಅಂಚು ಹಿಡಿದು ನಿಂತಿದ್ದೆ. ಚೂಟಿ ಇದನ್ನು ಓದುತ್ತಾಳೆ, ನಾನು ಒಂದು ಮಧ್ಯಾಹ್ನ ಹಿಡಿದು ಮಾಡುವ ಕೆಲಸವನ್ನು ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತಾಳೆ, ಆಮೇಲೆ ಅಕ್ಕಪಕ್ಕದ ಮನೆಗೆಲ್ಲ ಕೇಳುವ ಹಾಗೆ ನಗುತ್ತಾಳೆ. ಬೈದರೂ ನಕ್ಕೇ ಬೈಯುತ್ತಾಳೆ. ಆ ನಗು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುದ್ರೆ ಧಡ್ ಎಂದು ಬಿತ್ತು. ಹೆಂಗಸು ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು.