ತಳಕ್ಕೆ ಹಿಡಿಯದ ಕಲಾಯಿ

ಅಪ್ಪನದು ಭಾಂಡೆ-ಪಾತ್ರೆಗಳ ಅಂಗಡಿ ಎಂದು ಕಾಲೇಜಿನಲ್ಲಿ ಸುಳ್ಳು ಹೇಳಿದ್ದೆ. ನಿಜ ಹೇಳಬೇಕೆಂದರೆ ಅಪ್ಪ ರಸೂಲಸಾಬ ಸೊಲ್ಲಾಪುರ ರಸ್ತೆಯ ಬದಿಗೆ ತಿದಿ ಊದಿಕೊಂಡು ಊರವರ ತಾಮ್ರದ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುತ್ತಿದ್ದ. ನನ್ನ ಬಿಳಿ ಅಂಗಿಗೆ ಆ ಮಸಿ ಬೇಡವಾಗಿತ್ತು. ಅಷ್ಟೇ ನನ್ನ ದೊಡ್ಡಸ್ತಿಕೆ.

೧೯೬೬ರ ಬೇಸಿಗೆ. ವಿಜಾಪುರದಲ್ಲಿ ರೇಷನ್ ಜೋಳಕ್ಕೂ ಪಾಳಿ ಹಚ್ಚಬೇಕು. ನನ್ನ ಕಾಲೇಜಿನ ಗೆಳೆಯ ಅಂಬಾದಾಸ ಸುಮ್ಮನೆ ಕೂರುವ ಪೈಕಿ ಅಲ್ಲ. ಮದುವೆ ಮನೆಯಲ್ಲಿ ಉಳಿದ ಅಡುಗೆ ತಿಪ್ಪೆಗೆ ಬೀಳಬಾರದು, ಹಸಿದವರಿಗೆ ಮುಟ್ಟಬೇಕು ಎಂದು ನಮ್ಮನ್ನೆಲ್ಲ ಕಟ್ಟಿಕೊಂಡು ಓಡಾಡುತ್ತಿದ್ದ. ತಿಕೋಟಾದ ಒಂದು ಮದುವೆಯಲ್ಲಿ ಉಳಿದದ್ದನ್ನು ಕನಮಡಿ ರಸ್ತೆಗೆ ಖಡಿ ಕಲ್ಲು ಒಡೆಯುವವರಿಗೆ ಒಯ್ಯುವುದೆಂದಾಯಿತು.

"ಸಾರಿಗೆ ದೊಡ್ಡ ಪಾತ್ರಿ ಬೇಕಲ್ಲೋ ಮಲ್ಲಿಕ" ಎಂದ.

"ನಮ್ಮ ಅಂಗಡ್ಯಾಗಿಂದ ತರ್ತೀನಿ ಬಿಡು" ಎಂದುಬಿಟ್ಟೆ.

ತಂದದ್ದು ಯಾರೋ ಅಪ್ಪನ ಬಳಿ ಕಲಾಯಿಗೆ ಬಿಟ್ಟಿದ್ದ ತಾಮ್ರದ ಹಂಡೆ. ಹಿಂದಿನ ದಿನ ಅಪ್ಪ ಊರಲ್ಲಿ ಇಲ್ಲದಾಗ ಅದಕ್ಕೆ ಕಲಾಯಿ ಹಾಕಿದವನು ನಾನೇ. ಹಂಡೆ ಕಾದು ತವರ ಕರಗುವ ಹೊತ್ತಿಗೆ ಸರಿಯಾಗಿ ಅಂಬಾದಾಸ ಸೈಕಲ್ ಮೇಲೆ ಬರುವುದು ಕಂಡಿತು. ಓಡಿ ಮನೆಯ ಬಾಗಿಲ ಹಿಂದೆ ಅಡಗಿದೆ. ಅವನು ದಾಟಿ ಹೋಗುವಷ್ಟರಲ್ಲಿ ಹಂಡೆ ಆರಿತ್ತು, ತಳಕ್ಕೆ ತವರ ಹಿಡಿದಿರಲಿಲ್ಲ. ಹಂಡೆಯ ಕೊರಳಿಗಷ್ಟು ಮಿಂಚು ಬರಿಸಿ, ಮೈ ತೊಳೆಯುವ ನೀರಿನ ಹಂಡೆ ತಾನೆ, ಯಾರು ಬಗ್ಗಿ ನೋಡುತ್ತಾರೆ ಎಂದು ಎದ್ದೆ. ತಿಕೋಟಾಕ್ಕೆ ಒಯ್ಯುವಾಗ ತಳದ ನೆನಪೇ ಆಗಲಿಲ್ಲ ಎಂದರೆ ನಂಬಬೇಡಿ. ನೆನಪಾಯಿತು. ಒಂದೆರಡು ತಾಸಿಗೆ ಏನಾಗುತ್ತದೆ ಎಂದುಕೊಂಡೆ.

ಹುಣಸೆಹಣ್ಣಿನ ಬಿಸಿ ಸಾರನ್ನು ಹನ್ನೆರಡಕ್ಕೆ ಹಂಡೆಗೆ ಸುರಿದೆವು. ಗಾಡಿ ಸಿಕ್ಕಿದ್ದು ನಾಲ್ಕಕ್ಕೆ. ಗಾಡಿ ಹೊಡೆಯುವ ಗುರಣ್ಣ ಹೊರಡುವ ಮುಂಚೆ ಹಂಡೆಯಿಂದ ಎರಡು ಬಟ್ಟಲು ಸಾರು ಕುಡಿದು ಬಾಯಿ ಚಪ್ಪರಿಸಿದ.

ತಾಸಿನ ದಾರಿ. ಖಡಿಯ ರಾಶಿಗಳ ನಡುವೆ ನಲವತ್ತು ಮಂದಿ ತಾಟು ಹಿಡಿದು ಕೂತಿದ್ದರು. ಎಲ್ಲರಿಗಿಂತ ಮುಂದೆ ಹನಮವ್ವ ಎಂಬ ಮುದುಕಿ.

"ಯಪ್ಪಾ, ಮುಂಜಾನಿಂದ ಬರೇ ನೀರ ಕುಡದ ಕಲ್ಲ ಒಡದೀವಿ. ಲಗೂ ನೀಡ್ರಿ."

ಅಂಬಾದಾಸ ಅವಳ ತಾಟಿಗೆ ಅನ್ನ ಹಾಕಿ ಸಾರು ಸುರಿದ. ಅಷ್ಟರಲ್ಲಿ ಗಾಡಿಯ ಹಿಂದೆ ಗುರಣ್ಣ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡತೊಡಗಿದ.

"ಮದವಿ ಮನ್ಯಾಗ ಹುಗ್ಗಿ ಭಾಳ ಹೊಡದಾನ" ಎಂದು ಹುಡುಗರು ನಕ್ಕರು.

ನನಗೆ ನಗು ಬರಲಿಲ್ಲ. ಸಾರಿಗೆ ಬೆರಳದ್ದಿ ನೆಕ್ಕಿದೆ. ನಾಲಿಗೆಗೆ ತಾಮ್ರದ ಒಗರು ಹತ್ತಿತು. ಯಾ ಅಲ್ಲಾ, ತವರ ಹಿಡಿಯದ ಆ ತಳ!

ಹನಮವ್ವ ತುತ್ತು ಎತ್ತಿದ್ದಳು. ಹಾರಿ ಹೋಗಿ ಅವಳ ಕೈಗೆ ಹೊಡೆದೆ. ತಾಟು ಮಣ್ಣಿಗೆ ಬಿತ್ತು. ತಿರುಗಿ ಹಂಡೆಯನ್ನೂ ಒದ್ದು ಉರುಳಿಸಿದೆ.

"ಲೇ, ಹುಚ್ಚ ಹಿಡದೈತೇನ ನಿನಗ?" ಅಂಬಾದಾಸ ನನ್ನ ಕೊರಳಪಟ್ಟಿ ಹಿಡಿದ. ಕೂತವರು ಎದ್ದು ನಿಂತರು. ಒಬ್ಬನ ಕೈಯಲ್ಲಿ ಸುತ್ತಿಗೆ ಇತ್ತು.

"ತಳಾ ನೋಡ್ರಿ! ಕಲಾಯಿ ಇಲ್ಲ. ಹುಳಿ ಕೂಡಿ ವಿಷ ಆಗೈತಿ. ನಾ ಕಲಾಯಿಗಾರನ ಮಗ ಅದೀನಿ. ಈ ಕಳ್ಳ ಕೆಲಸಾ ನಾನಽ ಮಾಡೀನಿ."

ಅಂಬಾದಾಸ ಬಗ್ಗಿ ನೋಡಿದ. ತಳ ಕೆಂಪಗೆ, ಅಂಚಿಗೆ ಹಸಿರು ಕಿಲುಬು. ಕೊರಳಪಟ್ಟಿ ಬಿಟ್ಟು ಗುರಣ್ಣನ ಕಡೆ ನಡೆದ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಇಬ್ಬರು ಹುಡುಗರು ಗುರಣ್ಣನನ್ನು ಗಾಡಿಯಲ್ಲಿ ಮಲಗಿಸಿ ತಿಕೋಟಾದ ಡಾಕ್ಟರ ಬಳಿಗೆ ಓಡಿಸಿದರು. ಪುಣ್ಯಕ್ಕೆ ಎರಡು ದಿನದಲ್ಲಿ ಎದ್ದು ಕೂತ.

ಬುಟ್ಟಿಗಳಲ್ಲಿ ಅನ್ನ ಹಾಗೆಯೇ ಇತ್ತು. ಅದಕ್ಕೆ ಹಂಡೆ ತಾಗಿರಲಿಲ್ಲ, ಆದರೂ ಒಬ್ಬರೂ ಮುಟ್ಟಲಿಲ್ಲ. ಹಸಿದವರು ಅನ್ನ ನೋಡಿ ಹೆದರುವ ಹಾಗೆ ಮಾಡಿದವನು ನಾನು.

ಹನಮವ್ವ ತಾಟಿನ ಮಣ್ಣನ್ನು ಸೆರಗಿನಿಂದ ಒರೆಸಿ, ಬುಟ್ಟಿಯಿಂದ ಒಂದು ಹಿಡಿ ಅನ್ನ ಹಾಕಿ ನನ್ನ ಮುಂದೆ ಹಿಡಿದಳು.

"ಮದಲ ನೀ ಉಣ್ಣು."

ಉಂಡೆ. ಒಂದಗುಳೂ ಬಿಡಲಿಲ್ಲ. ಅವಳು ನನ್ನೆದುರಿಗೇ ಕೂತು ನನ್ನ ಮುಖ ನೋಡುತ್ತಿದ್ದಳು. ನಲವತ್ತು ಮಂದಿಯೂ ನೋಡುತ್ತಿದ್ದರು. ಹೊತ್ತು ಮುಳುಗುವ ತನಕ ಹಾಗೆಯೇ ಕೂತೆವು. ನನಗೇನೂ ಆಗಲಿಲ್ಲ.

ಆಮೇಲೆ ಅವಳು ತಾಟನ್ನು ಅಂಬಾದಾಸನ ಕಡೆ ಚಾಚಿದಳು.

"ಇನ್ನ ನೀಡಪಾ. ಉಪ್ಪ ಐತೇನು?"

ನಾವು ಉಪ್ಪು ತಂದಿರಲಿಲ್ಲ. ಹಾಗೆಯೇ ಉಂಡರು.